ಅಗೆದ ಮಣ್ಣಿನ ಹದ

ಬೀದಿಯನ್ನು ಅಗೆಯುವುದು ಒಂದು ರಾತ್ರಿಯ ಕೆಲಸ. ಅಗೆದದ್ದನ್ನು ಮೊದಲಿದ್ದಂತೆ ಮುಚ್ಚುವುದು ಒಂದು ವಿದ್ಯೆ. ಆ ವಿದ್ಯೆಯ ಪರೀಕ್ಷಾಧಿಕಾರಿ ಯಾವ ಕಚೇರಿಯಿಂದಲೂ ಬರುವುದಿಲ್ಲ. ಅವನು ಮುಂಗಾರಿನ ಮೋಡದಿಂದ ಇಳಿಯುತ್ತಾನೆ.

ರೋಹಿಣಿ ಮಳೆಯ ಮೊದಲನೆಯ ರಾತ್ರಿ ಕಳೆದು, ಮನೆಮನೆಯ ಸಜ್ಜದಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಬೆಳಗಿನ ಐದು ಗಂಟೆಯ ಹೊತ್ತಿನಲ್ಲಿ, ಬೆಂಗಳೂರಿನ ದಕ್ಷಿಣ ಭಾಗದ ನಮ್ಮ ಬೀದಿಗೆ ದಿನವೂ ಬರುವ ಹಾಲಿನ ವ್ಯಾನು, ದಿನವೂ ನಿಲ್ಲುವ ಅಂಗಡಿಗೆ ಹತ್ತು ಮಾರು ಇರುವಾಗಲೇ ನಿಂತುಬಿಟ್ಟಿತು. ನಿಂತಿತೆಂಬುದು ಸರಿಯಾದ ಮಾತಲ್ಲ, ಕುಳಿತಿತು.

ಅದರ ಎಡಗಡೆಯ ಹಿಂದಿನ ಚಕ್ರ ಅಚ್ಚಿನವರೆಗೆ ರಸ್ತೆಯೊಳಗೆ ಇಳಿದಿತ್ತು. ನೀಲಿ ಕ್ರೇಟುಗಳೆಲ್ಲ ಒಂದು ಮಗ್ಗುಲಿಗೆ ಸರಿದು ಬಾಗಿಲನ್ನು ನೂಕುತ್ತಿದ್ದವು. ಚಾಲಕನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೆಳಗಿಳಿದು, ಚಕ್ರವನ್ನೂ ಆಕಾಶವನ್ನೂ ಒಂದಾದಮೇಲೊಂದು ನೋಡಿ, ಬಾಡಿಗೆಯ ಮನುಷ್ಯನಿಗೆ ಸಹಜವಾದ ನಿಟ್ಟುಸಿರೊಂದನ್ನು ಬಿಟ್ಟನು.

ನೆರೆದವರಲ್ಲಿ ಮಫ್ಲರ್ ಸುತ್ತಿಕೊಂಡಿದ್ದ ಹಿರಿಯರೊಬ್ಬರು, “ಏನು ಮಳೆ ಸ್ವಾಮಿ! ಇಂಥ ಮಳೆಗೆ ಯಾವ ರಸ್ತೆ ತಾನೆ ತಡೆದೀತು?” ಎಂದರು. ವಯಸ್ಸಿನಲ್ಲಿ ದೊಡ್ಡವರಾದುದರಿಂದ ನಾನು ಎದುರಾಡಲಿಲ್ಲ. ಆದರೆ ಚಕ್ರ ಇಳಿದಿದ್ದ ಆ ಒಂದೂವರೆ ಮೊಳದ ಪಟ್ಟಿಯ ಆಚೆಗೂ ಈಚೆಗೂ ಅದೇ ರಾತ್ರಿ ಅದೇ ಮಳೆಯೇ ಬಿದ್ದಿತ್ತು. ಅಲ್ಲಿ ರಸ್ತೆ ಅಲುಗಿರಲಿಲ್ಲ.

ಆ ಪಟ್ಟಿ ಯಾವುದೆಂಬುದು ಬೀದಿಯವರಿಗೆಲ್ಲ ಗೊತ್ತಿತ್ತು. ಇಪ್ಪತ್ತು ದಿನಗಳ ಹಿಂದೆ, ಹೊಸದಾಗಿ ಡಾಂಬರು ಹಾಕಿದ ರಸ್ತೆಯ ಮೇಲಿನ ಕಪ್ಪು ಇನ್ನೂ ಬೂದಿಯಾಗುವುದಕ್ಕೆ ಮೊದಲೇ, ಯಾವುದೋ ಒಂದು ಸಂಸ್ಥೆಯ ಪರವಾಗಿ ಒಂದು ತಂಡ ಬಂದು ಅಲ್ಲಿ ಕೊಳವೆ ಹೂಳಿ ಹೋಗಿತ್ತು. ರಾತ್ರಿ ಹತ್ತಕ್ಕೆ ಹಳದಿ ಯಂತ್ರ ಬಂದಿತು. ಯಾವ ಕಂಪನಿಯದಾದರೂ ನಮ್ಮ ಜನರ ಬಾಯಲ್ಲಿ ಅದು ಜೆಸಿಬಿಯೇ. 1945ರಲ್ಲಿ ಇಂಗ್ಲೆಂಡಿನಲ್ಲಿ ಆ ಕಾರ್ಖಾನೆಯನ್ನು ಸ್ಥಾಪಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತನ ಹೆಸರಿನ ಮೂರು ಅಕ್ಷರಗಳು, ಇಂದು ಕರ್ನಾಟಕದ ಯಾವ ಹಳ್ಳಿಯಲ್ಲಿಯೂ ಅರ್ಥ ಹೇಳಬೇಕಾಗಿಲ್ಲದ ಕನ್ನಡ ಶಬ್ದವಾಗಿಬಿಟ್ಟಿವೆ.

ಅಗೆಯುವುದಕ್ಕೆ ಮೂರು ಗಂಟೆ ಹಿಡಿಯಿತು. ಮುಚ್ಚುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಬದಿಯಲ್ಲಿ ರಾಶಿ ಹಾಕಿದ್ದ ಕೆಮ್ಮಣ್ಣನ್ನೂ, ಒಡೆದ ಡಾಂಬರಿನ ಹಲ್ಲೆಗಳನ್ನೂ, ಯಾರೋ ಕುಡಿದೆಸೆದ ಟೀ ಲೋಟಗಳನ್ನೂ ಯಂತ್ರದ ಮುಂಗೈ ಒಂದೇ ಬಾರಿಗೆ ಗುಂಡಿಯೊಳಕ್ಕೆ ದೂಡಿತು. ಮೇಲೆ ಎರಡು ಸಲ ಅದರ ಚಕ್ರ ಓಡಾಡಿತು. ನಾಲ್ಕನೆಯ ದಿನ ಒಂದು ತೆಳ್ಳನೆಯ ಟಾರಿನ ಹೊದಿಕೆ ಬಿದ್ದಿತು. ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ನಾನೂ ಹೊರಗೆ ಬಂದು ಒಂದು ಮಾತು ಕೇಳಲಿಲ್ಲ. ನಿದ್ದೆ ಬರುತ್ತಿತ್ತು.

ಬೀದಿಯ ಕೆಳಗಿನ ಬೀದಿ

ನಗರದ ರಸ್ತೆಯನ್ನು ನಾವು ನಡೆಯುವ ನೆಲವೆಂದು ಭಾವಿಸುತ್ತೇವೆ. ನೆಲದಡಿಯ ಸಂಸ್ಥೆಗಳ ದೃಷ್ಟಿಯಲ್ಲಿ ಅದು ಒಂದು ಮುಚ್ಚಳ. ಬೆಂಗಳೂರಿನ ಬೀದಿಗಳಡಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಅಂತ್ಯದಿಂದ ಇಂದಿನವರೆಗೆ ಒಂದರ ಪಕ್ಕದಲ್ಲೊಂದು, ಒಂದರ ಕೆಳಗೊಂದು ಹೂಳಲ್ಪಟ್ಟಿರುವ ವಸ್ತುಗಳ ಚರಿತ್ರೆಯೇ ಈ ನಗರದ ಚರಿತ್ರೆಯ ಇನ್ನೊಂದು ಪಾಠ.

1896ರಲ್ಲಿ ಹೆಸರಘಟ್ಟದ ಕೆರೆಯ ನೀರು ಕೊಳವೆಗಳ ಮೂಲಕ ಊರಿಗೆ ಬಂದಿತು. 1905ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪಗಳು ಬೆಳಗಿದವು. ಕಂಬದ ಮೇಲಿದ್ದ ತಂತಿಗಳು ಕ್ರಮೇಣ ಅಲ್ಲಲ್ಲಿ ನೆಲದೊಳಗೆ ಇಳಿದವು. 1964ರಲ್ಲಿ ಜಲಮಂಡಳಿಯೂ, 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯ ನೀರೂ ಬಂದವು. ಇವುಗಳ ಜೊತೆಗೆ ಟೆಲಿಫೋನಿನ ಕೇಬಲ್ಲು, ಆಪ್ಟಿಕಲ್ ಫೈಬರು, ಅಡುಗೆ ಅನಿಲದ ಕೊಳವೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಉದ್ಘಾಟನೆಯಾಯಿತು. ಇವುಗಳಲ್ಲಿ ಒಂದಾದರೂ ಬೀದಿಯನ್ನು ಅಗೆಯದೆ ಬರಬಲ್ಲುದಾಗಿರಲಿಲ್ಲ. ಆದುದರಿಂದ ಅಗೆಯುವವರನ್ನೆಲ್ಲ ಶಪಿಸುತ್ತ ಕೂಡುವುದು ನ್ಯಾಯವಲ್ಲ. ಆ ಶಾಪವನ್ನು ಹಾಕುವ ಬಾಯಿ ಕುಡಿಯುವ ನೀರೂ ಅದೇ ಕಂದಕದಲ್ಲಿ ಬಂದದ್ದು.

ಹಿಂದಿನವರು ಈ ತೊಡಕನ್ನು ಅರಿಯದವರಾಗಿರಲಿಲ್ಲ. ಆದಿಲ್‌ಶಾಹಿಗಳ ವಿಜಯಪುರದಲ್ಲಿ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಊರೊಳಕ್ಕೆ ಸುಟ್ಟಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದವರು, ದಾರಿಯುದ್ದಕ್ಕೂ ‘ಗಂಜ್’ ಎಂಬ ಗೋಪುರಗಳನ್ನು ನಿಲ್ಲಿಸಿದರು. ನೀರಿನ ಒತ್ತಡ ತಗ್ಗುವುದಕ್ಕೂ ಹೂಳು ತಳಕ್ಕಿಳಿಯುವುದಕ್ಕೂ ಅವು ಬೇಕಾಗಿದ್ದವು. ಅಷ್ಟೇ ಅಲ್ಲ, ನೆಲದೊಳಗೆ ನೀರಿನ ದಾರಿ ಎಲ್ಲಿ ಹೋಗಿದೆಯೆಂಬುದನ್ನು ನೆಲದ ಮೇಲಿನವರಿಗೆ ಹೇಳುವ ಗುರುತುಗಳೂ ಅವೇ. ಆ ಗೋಪುರಗಳು ಕೆಲವು ಇಂದಿಗೂ ನಿಂತಿವೆ.

1898ರ ಪ್ಲೇಗಿನ ಭೀತಿಯ ಕಾಲದಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ಯೋಜಕರು ಮನೆಗಳ ಹಿಂಬದಿಗೆ ಬಿಟ್ಟ ಕನ್ಸರ್ವೆನ್ಸಿ ಓಣಿಗಳೂ ಇಂಥದೇ ದೂರದೃಷ್ಟಿಯ ಫಲ. ಮೈಲಿಗೆಯ ಕೆಲಸವೆಲ್ಲ ಹಿತ್ತಿಲ ಓಣಿಯಲ್ಲಿ ನಡೆಯಲೆಂಬ ಅಂದಿನ ಭಾವನೆ ನಮಗೆ ಇಂದು ಒಪ್ಪಿಗೆಯಾಗದು. ಆದರೆ ಮುಂದಿನ ರಸ್ತೆಯನ್ನು ಮುಟ್ಟದೆ ಚರಂಡಿಯ ಕೊಳವೆಯನ್ನು ಹಾಕುವುದಕ್ಕೆ ಆ ಓಣಿಗಳು ಎಷ್ಟು ಅನುಕೂಲವೆಂಬುದನ್ನು, ಅವುಗಳನ್ನು ಒತ್ತುವರಿ ಮಾಡಿ ಸ್ನಾನದ ಮನೆ ಕಟ್ಟಿಕೊಂಡ ಮೇಲೆ ನಾವು ಅರಿತೆವು.

ಇಟ್ಟಿಗೆಯ ಸಾಲು ಕಂಡರೆ

ಹಾಲಿನ ವ್ಯಾನು ಕುಳಿತ ಮೇಲೆ, ಗುಂಡಿಯನ್ನು ಮತ್ತೆ ತೋಡಿ ಮುಚ್ಚುವುದಕ್ಕೆ ಬೇರೊಂದು ತಂಡ ಬಂದಿತು. ಅದರ ಮೇಸ್ತ್ರಿ ಯಾದಗಿರಿಯ ಕಡೆಯ, ಐವತ್ತು ದಾಟಿದ ಮನುಷ್ಯ. ಜೆಸಿಬಿ ಬರುವುದಕ್ಕೆ ಮುಂಚೆ ಅವನು ಪಟ್ಟಿಗೆ ಅಡ್ಡವಾಗಿ ಎರಡು ಕಡೆ, ಒಂದೊಂದು ಮೊಳ ಅಗಲದ ಗುಂಡಿಗಳನ್ನು ಕೈಯಿಂದಲೇ ತೆಗೆಸಿದನು. ಪಿಕಾಸಿಯನ್ನು ಬದಿಗಿಡಿಸಿ, ಸಲಿಕೆಯಿಂದ ಮಣ್ಣನ್ನು ಕೆರೆಕೆರೆದು ತೆಗೆಯುವಂತೆ ಹುಡುಗರಿಗೆ ಹೇಳುತ್ತಿದ್ದನು.

“ಇಟ್ಟಂಗಿ ಸಾಲ ಕಂಡ್ರ ಕೈ ನಿಲ್ಲಸ್ಬೇಕ್ರಿ ಸರ. ಅದರ ಕೆಳಗ ಕರೆಂಟ್ ಮಲಗಿರ್ತದ,” ಎಂದನು, ನಾನು ಕೇಳಿದಾಗ.

ಭೂಗತ ವಿದ್ಯುತ್ ಕೇಬಲಿನ ಮೇಲೆ ಮರಳು ಹರಡಿ, ಅದರ ಮೇಲೆ ಇಟ್ಟಿಗೆಯನ್ನೋ ಹಂಚನ್ನೋ ಸಾಲಾಗಿ ಇಡಬೇಕೆಂದು ಭಾರತೀಯ ಮಾನಕವೇ ವಿಧಿಸಿದೆ. ಇಟ್ಟಿಗೆ ಕೇಬಲನ್ನು ಕಾಯುವುದು ಸ್ವಲ್ಪ. ಅಗೆಯುವವನನ್ನು ಎಚ್ಚರಿಸುವುದು ಹೆಚ್ಚು. ನೆಲದೊಳಗಣ ಅಕ್ಷರವೆಂದರೆ ಇದು. ಅನಿಲದ ಕೊಳವೆಯ ಮೇಲ್ಗಡೆ ಹಾಸುವ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿಯೂ ಅಂತಹದೇ. ಓದಬಲ್ಲವನಿಗೆ ಅವು ‘ನಿಲ್ಲು’ ಎನ್ನುತ್ತವೆ. ಜೆಸಿಬಿಯ ಹಲ್ಲಿಗೆ ಓದು ಬಾರದು.

ನೆಲದ ಮೇಲಿಂದಲೇ ಕೇಬಲನ್ನು ಪತ್ತೆಮಾಡುವ ಯಂತ್ರಗಳಿಲ್ಲವೆಂದಲ್ಲ. ವಿದ್ಯುತ್ಕಾಂತೀಯ ಶೋಧಕವು ಲೋಹವನ್ನೂ ಹರಿಯುವ ವಿದ್ಯುತ್ತನ್ನೂ ಗುರುತಿಸುತ್ತದೆ. ಆದರೆ ಪ್ಲಾಸ್ಟಿಕ್ ಕೊಳವೆಯ ಮುಂದೆ ಅದು ಕುರುಡು. ನೆಲದೊಳಕ್ಕೆ ರೇಡಿಯೋ ಅಲೆ ಕಳುಹಿಸುವ ರೇಡಾರು ಪ್ಲಾಸ್ಟಿಕ್ಕನ್ನೂ ಕಾಣಬಲ್ಲುದಾದರೂ ಒದ್ದೆಯಾದ ಜೇಡಿಮಣ್ಣಿನಲ್ಲಿ ಅದರ ದೃಷ್ಟಿ ಮಂಜಾಗುತ್ತದೆ. ಹೀಗಾಗಿ, ನಕ್ಷೆ ನೋಡಿ, ಯಂತ್ರ ಹಾಯಿಸಿ, ಕೊನೆಗೆ ಕೈಯಿಂದ ಒಂದು ಶೋಧನೆಯ ಗುಂಡಿ ತೋಡಿ ಕಣ್ಣಾರೆ ಕಂಡ ಮೇಲೆಯೇ ಯಂತ್ರವನ್ನು ಇಳಿಸಬೇಕೆಂಬುದು ಪ್ರಪಂಚದಲ್ಲೆಲ್ಲ ಈ ವೃತ್ತಿಯವರು ಒಪ್ಪಿದ ಕ್ರಮ. ನಮ್ಮ ಮೇಸ್ತ್ರಿ ಯಾವ ಕೈಪಿಡಿಯನ್ನೂ ಓದಿದವನಲ್ಲ. ಅವನ ಎಡ ಮುಂಗೈಯ ಮೇಲೆ ಹಳೆಯ ಸುಟ್ಟ ಗಾಯದ ಕಲೆಯಿತ್ತು. ಅದರ ವಿಚಾರವನ್ನು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಗೆಯುವವನೂ ಹೂಳಿದವನೂ ಪರಸ್ಪರ ಮಾತನಾಡಿಕೊಳ್ಳಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪನ್ನು ಹೊರತಂದಿತು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಬಾರಿ ಫೈಬರ್ ಕೇಬಲು ತುಂಡಾಗುತ್ತದೆ, ಅದರಿಂದ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂಬುದು ಆಗ ಸರ್ಕಾರವೇ ಕೊಟ್ಟ ಲೆಕ್ಕ. ಕೇಬಲ್ಲು ತುಂಡಾದರೆ ಮಾತು ನಿಲ್ಲುತ್ತದೆ. ಅನಿಲದ ಕೊಳವೆಗೆ ಪೆಟ್ಟು ಬಿದ್ದರೆ ಏನಾದೀತೆಂಬುದಕ್ಕೆ ಬೆಲ್ಜಿಯಮಿನ ಗಿಲೆಂಗಿಯನ್ ಎಂಬ ಊರು ಸಾಕ್ಷಿ: ಕಾಮಗಾರಿಯ ಯಂತ್ರದಿಂದ ಗಾಯಗೊಂಡಿದ್ದ ಅಧಿಕ ಒತ್ತಡದ ಕೊಳವೆಯೊಂದು 2004ರ ಜುಲೈ 30ರಂದು ಸಿಡಿದು ಅಲ್ಲಿ 24 ಮಂದಿ ಮಡಿದರು.

ನಿಂತ ಮಣ್ಣನ್ನು ನಂಬಬಾರದು

ಗುಂಡಿ ಎದೆಮಟ್ಟ ಇಳಿದ ಮೇಲೆ ಮೇಸ್ತ್ರಿ ಹುಡುಗರನ್ನು ಮೇಲಕ್ಕೆ ಕರೆದು, ಎರಡು ಗೋಡೆಗಳಿಗೂ ಹಲಗೆಗಳನ್ನು ಆನಿಸಿ, ನಡುವೆ ಅಡ್ಡತೊಲೆಗಳನ್ನು ಬಿಗಿಸುವುದಕ್ಕೆ ಆರಂಭಿಸಿದನು. ಗೋಡೆಗಳಾದರೋ ಸುಣ್ಣ ಬಳಿಯಬಹುದೆಂಬಷ್ಟು ನೇರವಾಗಿ, ನಯವಾಗಿ ನಿಂತಿದ್ದವು. ಇಷ್ಟು ಗಟ್ಟಿಯಾಗಿರುವಾಗ ಇದೆಲ್ಲ ಏಕೆಂದು ಕೇಳಿದೆ.

“ಗ್ವಾಡಿ ಹಂಗ ನಿಂತದ ಅಂತ ನಂಬಬಾರದ್ರಿ ಸರ. ಅದು ನಿಂತಿರಂಗಿಲ್ಲ, ಬೀಳಲಾಕ ಹೊತ್ತು ನೋಡ್ತಿರ್ತದ.”

ಮಣ್ಣಿನ ಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವಾಕ್ಯವನ್ನು ನಾನು ಪಠ್ಯಪುಸ್ತಕದಲ್ಲಿ ಕಂಡಿಲ್ಲ. ಕಣಗಳ ನಡುವಣ ಅಲ್ಪವಾದ ತೇವವೂ ಜೇಡಿಯ ಅಂಟೂ ಸೇರಿ ತೋಡಿದ ಗೋಡೆಯನ್ನು ಕೆಲವು ಗಂಟೆಗಳ ಕಾಲ ಹಿಡಿದು ನಿಲ್ಲಿಸುತ್ತವೆ. ಬಿಸಿಲಿಗೆ ಆ ತೇವ ಆರಿತೋ ಅಥವಾ ಮಳೆಗೆ ಹೆಚ್ಚಾಯಿತೋ, ಹಿಡಿತ ಸಡಿಲುತ್ತದೆ. ಗೋಡೆಯ ಅಂಚಿನಿಂದ ಒಂದೆರಡು ಅಡಿ ಹಿಂದೆ, ಅಂಚಿಗೆ ಸಮಾನಾಂತರವಾಗಿ, ಕೂದಲಿನಂಥ ಒಂದು ಬಿರುಕು ಹುಟ್ಟುತ್ತದೆ. ಬಲ್ಲವರು ನೋಡುವುದು ಅದನ್ನು. ಪಕ್ಕದಲ್ಲಿ ಬಸ್ಸು ಹಾದುಹೋದ ಅದುರು, ಅಂಚಿಗೇ ಸುರಿದ ಮಣ್ಣಿನ ಭಾರ, ಬಿರುಕಿಗಿಳಿದ ಒಂದು ಕೊಡ ನೀರು, ಇವುಗಳಲ್ಲಿ ಯಾವುದೊಂದೇ ಸಾಕು.

ನಗರದಲ್ಲಿ ಮತ್ತೊಂದು ಅಪಾಯವಿದೆ. ಹೊಲದಲ್ಲಿ ತೋಡಿದ ಗುಂಡಿಯ ಗೋಡೆ ಹುಟ್ಟುಮಣ್ಣಿನದು. ಬೀದಿಯಲ್ಲಿ ತೋಡಿದ್ದರ ಗೋಡೆ ಅನೇಕ ವೇಳೆ, ಹಿಂದೆ ಮತ್ತಾರೋ ಅಗೆದು ಅವಸರದಿಂದ ಮುಚ್ಚಿಹೋದ ಸಡಿಲಮಣ್ಣಿನದು. ಅಂದರೆ ಒಬ್ಬನು ಮುಚ್ಚುವಾಗ ಮಾಡಿದ ಅಲಕ್ಷ್ಯಕ್ಕೆ, ಐದು ವರ್ಷಗಳ ಮೇಲೆ, ಅವನ ಮುಖವನ್ನೇ ಕಾಣದ ಇನ್ನೊಬ್ಬ ಕೂಲಿಯವನು ಕಂದಕದ ತಳದಲ್ಲಿ ನಿಂತು ಬೆಲೆ ತೆರಬೇಕಾದೀತು. ಸುರಕ್ಷಿತವಾಗಿ ಅಗೆಯುವುದೂ ಸರಿಯಾಗಿ ಮುಚ್ಚುವುದೂ ಎರಡು ಕೆಲಸಗಳೆಂದು ಕಚೇರಿಯ ಕಾಗದದಲ್ಲಿ ಬೇರೆಬೇರೆ ಕಲಮುಗಳಲ್ಲಿ ಬರೆದಿರುತ್ತಾರೆ. ಮಣ್ಣು ಆ ಭೇದವನ್ನು ಒಪ್ಪುವುದಿಲ್ಲ.

ಒಂದು ಘನ ಮೀಟರ್ ಮಣ್ಣು ಒಂದೂವರೆಯಿಂದ ಎರಡು ಟನ್ ತೂಗುತ್ತದೆ. ಸಣ್ಣ ಮೋಟಾರು ಕಾರಿಗಿಂತ ಹೆಚ್ಚು. ಅದು ಬೀಳುವುದಕ್ಕೆ ಬೇಕಾದ ಕಾಲ ಒಂದೆರಡು ಕ್ಷಣ. ತಲೆ ಹೊರಗಿದ್ದರೆ ಬದುಕಿದನೆಂದು ಜನ ತಿಳಿಯುತ್ತಾರೆ. ಆದರೆ ಎದೆಯವರೆಗೆ ಹೂತುಹೋದವನು ಒಂದೊಂದು ಸಲ ಉಸಿರು ಬಿಟ್ಟಾಗಲೂ ಸುತ್ತಣ ಮಣ್ಣು ಅಷ್ಟಷ್ಟೇ ಒಳಕ್ಕೆ ಜರುಗಿ, ಮರಳಿ ಉಸಿರೆಳೆದುಕೊಳ್ಳುವುದಕ್ಕೆ ಎದೆಗೆ ಎಡೆಯಿಲ್ಲದಂತೆ ಮಾಡುತ್ತದೆ. ಅವನನ್ನು ತೆಗೆಯಲೆಂದು ಗಾಬರಿಯಿಂದ ಹಾರಿದವರ ಮೇಲೆ ಎರಡನೆಯ ಗೋಡೆ ಕುಸಿದ ಪ್ರಸಂಗಗಳೂ ಈ ವೃತ್ತಿಯಲ್ಲಿ ವಿರಳವಲ್ಲ.

ಚೌಕಟ್ಟು: ಕಂದಕದ ಕಟ್ಟಳೆ
ಅಗೆತದ ಸುರಕ್ಷತೆಗಾಗಿ ಇರುವ ಭಾರತೀಯ ಮಾನಕದ ಸಂಖ್ಯೆ 3764. 1.5 ಮೀಟರಿಗಿಂತ ಆಳವಾದ ಕಂದಕದ ಗೋಡೆಗಳಿಗೆ ಹಲಗೆ-ತೊಲೆಗಳ ಆಸರೆ ಕೊಡತಕ್ಕದ್ದು. ಅಗೆದ ಮಣ್ಣನ್ನು ಅಂಚಿನಿಂದ ದೂರ ಸುರಿಯತಕ್ಕದ್ದು: 1.5 ಮೀಟರ್ ಅಥವಾ ಕಂದಕದ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು. ಇಳಿದವನು ಹತ್ತಿಬರಲು ಏಣಿ ಇರತಕ್ಕದ್ದು. ಅಪಾಯದ ನೆಲದಲ್ಲಿ ಪ್ರತಿ 15 ಮೀಟರಿಗೆ ಒಂದು, ಅದೂ ಅಂಚಿಗಿಂತ ಮೇಲಕ್ಕೆ ಚಾಚಿಕೊಂಡಿರುವಂಥದು. ನಿಮ್ಮ ಬೀದಿಯ ಗುಂಡಿಯಲ್ಲಿ ಏಣಿ ಕಂಡಿದ್ದೀರಾ?

ರವೆಉಂಡೆಯ ಶಾಸ್ತ್ರ

ಕೊಳವೆಯ ಕೆಲಸ ಮುಗಿಯಿತು. ಇನ್ನು ಮುಚ್ಚುವುದು. ಈ ಸಲ ನಾನು ಕಿಟಕಿಯಲ್ಲಿರಲಿಲ್ಲ. ಕುರ್ಚಿಯನ್ನೇ ಹೊರಗೆ ಹಾಕಿಕೊಂಡಿದ್ದೆ.

ಮೊದಲು ಕೊಳವೆಯ ಸುತ್ತ ನುಣುಪಾದ ಮರಳು ಹೋಯಿತು, ಕಲ್ಲಿನ ಮೊನೆ ಕೊಳವೆಗೆ ನಾಟದಿರಲೆಂದು. ಆಮೇಲೆ ಮಣ್ಣು, ಸುಮಾರು ಒಂದು ಗೇಣು ದಪ್ಪಕ್ಕೆ ಮಾತ್ರ. ಮೇಸ್ತ್ರಿ ಕೆಳಗೆ ಬಾಗಿ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ನೋಡಿದನು. ಕೈ ಬಿಚ್ಚಿದೊಡನೆ ಅದು ಪುಡಿಪುಡಿಯಾಗಿ ಉದುರಿತು. ಬಕೆಟ್ಟಿನಿಂದ ನೀರು ಚಿಮುಕಿಸಿ ಕಲಸಲು ಹೇಳಿದನು. ಮತ್ತೆ ಹಿಡಿದನು. ಈ ಬಾರಿ ಉಂಡೆ ನಿಂತಿತು, ಅಂಗೈಗೆ ಮೆತ್ತಿಕೊಳ್ಳಲಿಲ್ಲ. “ಹದ ಬಂತು, ಹೊಡೀರಿ,” ಎಂದನು. ಕುಪ್ಪಳಿಸುವ ರ್‍ಯಾಮರ್ ಯಂತ್ರ ಧಡಧಡಿಸುತ್ತ ಮುಂದಕ್ಕೆ ಸಾಗಿತು.

ಹಬ್ಬಕ್ಕೆ ರವೆಉಂಡೆ ಕಟ್ಟುವ ನಮ್ಮ ಮನೆಯ ಹೆಂಗಸರು ಮಾಡುವ ಪರೀಕ್ಷೆಯೂ ಇದೇ. ಹಾಲು ಕಡಮೆಯಾದರೆ ಉಂಡೆ ಉದುರುತ್ತದೆ, ಹೆಚ್ಚಾದರೆ ಜರಿಯುತ್ತದೆ. ಸುಗ್ಗಿಗೆ ಮುಂಚೆ ಕಣ ಮಾಡುವ ರೈತನು ನೆಲಕ್ಕೆ ನೀರು ಹೊಡೆದು, ಅದು ಆರುತ್ತ ಬಂದು ‘ಹದಕ್ಕೆ’ ಕೂತಾಗ ಗುಂಡುಕಲ್ಲನ್ನು ಉರುಳಿಸುತ್ತಾನೆ. ಒಣನೆಲದ ಮೇಲೂ ಉರುಳಿಸುವುದಿಲ್ಲ, ಕೆಸರಿನ ಮೇಲೂ ಉರುಳಿಸುವುದಿಲ್ಲ. ದಮ್ಮಸು ಹಾಕುವುದೆಂಬ ಮಾತು ನಮ್ಮಲ್ಲಿ ರಸ್ತೆಯ ಎಂಜಿನಿಯರುಗಳು ಹುಟ್ಟುವುದಕ್ಕಿಂತ ಹಿಂದಿನದು.

ಈ ಹದವನ್ನು ತಕ್ಕಡಿಗೆ ಹಾಕಿ ತೂಗಿದವನು ರಾಲ್ಫ್ ಪ್ರಾಕ್ಟರ್. ಲಾಸ್ ಏಂಜಲೀಸ್ ನಗರದ ಜಲ ಇಲಾಖೆಯಲ್ಲಿ ಮಣ್ಣಿನ ಅಣೆಕಟ್ಟುಗಳ ಕೆಲಸದಲ್ಲಿದ್ದ ಆತನು 1933ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ಪ್ರತಿಯೊಂದು ಮಣ್ಣಿಗೂ ಅದಕ್ಕೇ ವಿಶಿಷ್ಟವಾದ ಒಂದು ತೇವಾಂಶವಿದೆಯೆಂದೂ, ಆ ತೇವದಲ್ಲಿ ಬಡಿದಾಗ ಮಾತ್ರ ಅದು ಅತ್ಯಂತ ಸಾಂದ್ರವಾಗಿ ಕೂಡುವುದೆಂದೂ ತೋರಿಸಿಕೊಟ್ಟನು. ಇಂದು ನಮ್ಮ ಪ್ರಯೋಗಶಾಲೆಗಳಲ್ಲಿ ಒಂದು ಲೀಟರಿನಷ್ಟು ಹಿಡಿಯುವ ಉಕ್ಕಿನ ಅಚ್ಚಿನಲ್ಲಿ ಮಣ್ಣನ್ನು ಮೂರು ಪದರಗಳಾಗಿ ತುಂಬಿ, 2.6 ಕಿಲೋ ತೂಕದ ಗುಂಡನ್ನು 31 ಸೆಂಟಿಮೀಟರ್ ಎತ್ತರದಿಂದ ಪ್ರತಿ ಪದರಕ್ಕೂ 25 ಸಲ ಬೀಳಿಸಿ ಈ ಪರೀಕ್ಷೆಯನ್ನು ಮಾಡುತ್ತಾರೆ. ಹೀಗೆ ಕಂಡುಕೊಂಡ ತೇವವನ್ನು ಎಂಜಿನಿಯರುಗಳು ಗರಿಷ್ಠ ಸಾಂದ್ರತೆಯ ತೇವಾಂಶವೆನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಎರಡಕ್ಷರ ಸಾಕು.

ಪದರ ಪದರವಾಗಿಯೇ ಏಕೆ ಹಾಕಬೇಕು? ಮೇಲಿಂದ ಬಿದ್ದ ಪೆಟ್ಟು ಮಣ್ಣಿನೊಳಕ್ಕೆ ಬಹಳ ದೂರ ಇಳಿಯದು. ಆರಡಿ ಮಣ್ಣನ್ನು ಒಟ್ಟಿಗೆ ಸುರಿದು ಮೇಲೆ ಎಷ್ಟು ಬಡಿದರೂ ಗಟ್ಟಿಯಾಗುವುದು ಮೇಲಣ ಒಂದಡಿ. ತಳದಲ್ಲಿ ಗಾಳಿ ಹಾಗೆಯೇ ಉಳಿದಿರುತ್ತದೆ. ಮಳೆಯ ನೀರು ಆ ಗಾಳಿಯ ಸ್ಥಾನವನ್ನು ಹುಡುಕಿಕೊಂಡು ಹೋಗಿ, ಕಣಗಳನ್ನು ಜಾರಿಸಿ, ರ್‍ಯಾಮರ್ ಮಾಡಬೇಕಾಗಿದ್ದ ಕೆಲಸವನ್ನು ತಾನು ಮಾಡುತ್ತದೆ. ಮೇಲಿನ ಗಟ್ಟಿ ಹೊದಿಕೆ ಕೆಲವು ದಿನ ಸೇತುವೆಯಂತೆ ನಿಂತಿದ್ದು, ಹಾಲಿನ ವ್ಯಾನಿನಂಥ ಬಡಪಾಯಿಯೊಂದು ಬಂದಾಗ ಮುರಿಯುತ್ತದೆ.

ಗುಂಡಿ ಮುಚ್ಚಿದ ಮೇಲೆ ಸಮಾಧಿಯ ದಿಬ್ಬದಂತೆ ಮಣ್ಣನ್ನು ಏರಿಸಿ, “ಗಾಡಿ ಓಡಾಡಿದರೆ ಕೂತುಕೊಳ್ಳುತ್ತೆ” ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಅದು ಕೂತುಕೊಳ್ಳುವುದು ನಿಜ. ಎಷ್ಟು, ಎಲ್ಲಿ, ಯಾರು ಮೇಲಿದ್ದಾಗ ಎಂಬುದಷ್ಟೇ ತಿಳಿಯದು.

ಬಡಿದದ್ದು ಸಾಕಾಯಿತೇ ಎಂದು ನೋಡುವ ಬಗೆಯೂ ಬಹು ಸರಳವಾದದ್ದು. ಗಟ್ಟಿಗೊಳಿಸಿದ ಪದರದಲ್ಲಿ ಅಂಗೈಯಗಲದ ಸಣ್ಣ ಗುಣಿಯನ್ನು ಕೊರೆದು, ಬಂದ ಮಣ್ಣನ್ನೆಲ್ಲ ಒಂದು ಕಾಳೂ ಚೆಲ್ಲದಂತೆ ತೂಗುತ್ತಾರೆ. ಆಮೇಲೆ, ಸಾಂದ್ರತೆ ಮೊದಲೇ ತಿಳಿದಿರುವ ಒಣಮರಳನ್ನು ಒಂದು ಕೊಳಾಯಿಯಿಂದ ಆ ಗುಣಿಗೆ ಸುರಿದು, ಎಷ್ಟು ಮರಳು ಹಿಡಿಯಿತೆಂಬುದರಿಂದ ಗುಣಿಯ ಗಾತ್ರವನ್ನು ಕಂಡುಹಿಡಿಯುತ್ತಾರೆ. ಹೆದ್ದಾರಿಯ ಅಡಿಮಣ್ಣಿಗೆ ಪ್ರಯೋಗಶಾಲೆಯ ಗರಿಷ್ಠ ಸಾಂದ್ರತೆಯ ಶೇ 97ರಷ್ಟಾದರೂ ಬರಬೇಕೆಂಬುದು ಕೇಂದ್ರ ಸಾರಿಗೆ ಸಚಿವಾಲಯದ ನಿಯಮ. ತಕ್ಕಡಿ, ಮರಳು, ಅರ್ಧ ಗಂಟೆ ವ್ಯವಧಾನ: ಇಷ್ಟೇ ಬೇಕಾದದ್ದು. ಮೂರನೆಯದೇ ಸಿಗುವುದು ಕಷ್ಟ.

ಮೇಲ್ಮೈಯ ಕೆಲಸದಲ್ಲಿಯೂ ಒಂದು ಸೂಕ್ಷ್ಮವಿದೆ. ಮೇಸ್ತ್ರಿ ಡಾಂಬರಿನ ಹರಕು ಅಂಚುಗಳನ್ನು ಹಾಗೆಯೇ ಬಿಡದೆ, ಕಂದಕಕ್ಕಿಂತ ಎರಡು ಬದಿಗೂ ಒಂದು ಗೇಣು ಹೆಚ್ಚಾಗಿ, ಗರಗಸದ ಯಂತ್ರದಿಂದ ನೇರವಾಗಿ ಕೊಯ್ಯಿಸಿದನು. ಹೀಗೆ ಮಾಡಿದಾಗ ಹೊಸ ಡಾಂಬರಿನ ಎರಡು ಅಂಚುಗಳೂ ಅಗೆಯದ ಹಳೆಯ ನೆಲದ ಮೇಲೆ, ಮೆಟ್ಟಿಲಿನ ಮೇಲೆ ಪಾದವಿಟ್ಟಂತೆ, ಕೂಡುತ್ತವೆ. ಕೊಯ್ದ ಅಂಚಿಗೆ ಬಿಸಿ ಟಾರನ್ನು ಬಳಿದು, ಮಿಶ್ರಣ ತಣಿಯುವುದರೊಳಗೆ ರೋಲರು ಹಾಯಿಸಿದರೆ ಹಳತಕ್ಕೂ ಹೊಸತಕ್ಕೂ ನಡುವೆ ನೀರಿಗೆ ದಾರಿ ಉಳಿಯದು. ಲಾರಿಯಲ್ಲಿ ಬರುವಾಗ ಸುಮಾರು 150 ಡಿಗ್ರಿಯಿರುವ ಮಿಶ್ರಣ 100 ಡಿಗ್ರಿಗಿಂತ ಕೆಳಗಿಳಿದ ಮೇಲೆ ಉರುಳಿಸಿದ ರೋಲರು ಬರಿಯ ಮೆರವಣಿಗೆ.

ಚೌಕಟ್ಟು: ಒಂದು ವಾರ, ಏಳು ಸೆಂಟಿಮೀಟರ್
2016ರ ನವೆಂಬರ್ 8ರ ಬೆಳಗಿನ ಜಾವ ಜಪಾನಿನ ಫುಕುವೋಕ ನಗರದ ಹಕಾತ ರೈಲು ನಿಲ್ದಾಣದ ಮುಂದೆ, ಸುರಂಗ ರೈಲಿನ ಅಗೆತದಿಂದಾಗಿ, ಸುಮಾರು 30 ಮೀಟರ್ ಉದ್ದ, 27 ಮೀಟರ್ ಅಗಲ, 15 ಮೀಟರ್ ಆಳದ ಕುಳಿ ಬಿದ್ದಿತು. ಜನರನ್ನು ಮುಂಚಿತವಾಗಿ ದೂರವಿಟ್ಟಿದ್ದುದರಿಂದ ಒಂದು ಪ್ರಾಣವೂ ಹೋಗಲಿಲ್ಲ. ಸಿಮೆಂಟು ಬೆರೆಸಿದ, ನೀರಿನಂತೆ ಹರಿಯುವ ಮಣ್ಣನ್ನು ತುಂಬಿ ನವೆಂಬರ್ 15ಕ್ಕೆ ರಸ್ತೆಯನ್ನು ತೆರೆದರು; ಜಗತ್ತು ಬೆರಗಾಯಿತು. ಅದೇ ತಿಂಗಳು 26ರಂದು ಆ ಜಾಗ ಸುಮಾರು 7 ಸೆಂಟಿಮೀಟರ್ ಕುಸಿದಾಗ ಮತ್ತೆ ರಸ್ತೆ ಮುಚ್ಚಿ ತಪಾಸಣೆ ಮಾಡಿದರು. ನಮಗೆ ಬೇಕಾದ ಪಾಠ ಮೊದಲನೆಯ ವಾರದಲ್ಲಿಲ್ಲ, ಆ ಏಳು ಸೆಂಟಿಮೀಟರಿನಲ್ಲಿದೆ.

ಹೊಣೆ ಯಾರದು?

ಇಂಗ್ಲೆಂಡಿನಲ್ಲಿ 1991ರ ರಸ್ತೆ ಕಾಮಗಾರಿ ಕಾಯಿದೆಯ ಪ್ರಕಾರ, ಬೀದಿಯನ್ನು ಅಗೆದ ಸಂಸ್ಥೆಯೇ ಅದನ್ನು ಮೊದಲಿನ ಸ್ಥಿತಿಗೆ ತಂದು, ಎರಡು ವರ್ಷ, ಆಳವಾದ ಕಂದಕವಾದರೆ ಮೂರು ವರ್ಷ, ಅದು ಕುಸಿಯದಂತೆ ಜವಾಬ್ದಾರಿ ಹೊರಬೇಕು. ಕೆಲಸದ ಜಾಗದಲ್ಲಿ ತರಬೇತಿಯ ಪ್ರಮಾಣಪತ್ರವಿರುವ ಒಬ್ಬ ಕೆಲಸಗಾರನಾದರೂ ಇರಬೇಕು. ಆಮೇಲೆ ರಸ್ತೆಯಿಂದ ಉರುಳೆಯಾಕಾರದ ತುಣುಕನ್ನು ಕೊರೆದು ತೆಗೆದು, ಪದರಗಳ ದಪ್ಪವನ್ನು ಅಳೆದು ನೋಡುತ್ತಾರೆ. ಅಲ್ಲಿಯೂ ಗುಂಡಿಗಳಿವೆ, ದೂರುಗಳಿವೆ; ಆದರೆ ಗುಂಡಿಗೊಬ್ಬ ವಾರಸುದಾರನಿದ್ದಾನೆ.

ನಮ್ಮಲ್ಲಿ ಸಾಮಾನ್ಯವಾಗಿ ಅಗೆಯುವವನು ಒಬ್ಬ, ಶುಲ್ಕ ಕಟ್ಟಿಸಿಕೊಳ್ಳುವವನು ಒಬ್ಬ, ಮುಚ್ಚುವವನು ಇನ್ನೊಬ್ಬ, ಬೀಳುವವನು ನಾಲ್ಕನೆಯವನು. 2022ರಲ್ಲಿ ರಸ್ತೆಗುಂಡಿಗಳಿಂದಾದ ಅಪಘಾತಗಳಲ್ಲಿ ದೇಶದಲ್ಲಿ 1,856 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ.

ಬೇರೆ ದಾರಿ ಇಲ್ಲವೆಂದೇನೂ ಅಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಮೊದಲಾದ ಏಳು ರಸ್ತೆಗಳನ್ನು ಸುಮಾರು ಹತ್ತು ವರ್ಷಗಳ ಹಿಂದೆ ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ಹೊಸದಾಗಿ ಕಟ್ಟಿದಾಗ, ಕೇಬಲ್ಲು ಕೊಳವೆಗಳನ್ನು ಕಾಲುದಾರಿಯ ಕೆಳಗಣ ನಾಳಗಳಿಗೆ ಸೇರಿಸಿ, ಅಲ್ಲಲ್ಲಿ ತೆರೆದು ನೋಡುವ ಕೋಣೆಗಳನ್ನಿಟ್ಟರು. ವೆಚ್ಚ ಹೆಚ್ಚಾಯಿತೆಂದು ಆಕ್ಷೇಪಗಳು ಬಂದವು. ಆದರೆ ಪ್ರತಿ ವರ್ಷ ಅಗೆದು, ಮುಚ್ಚಿ, ಮತ್ತೆ ಅಗೆಯುವುದರ ವೆಚ್ಚವನ್ನು ಒಂದು ಕಡೆ ಬರೆದು ಕೂಡಿದವರನ್ನು ನಾನು ಕಂಡಿಲ್ಲ. ಹೆದ್ದಾರಿಯನ್ನು ಅಡ್ಡಹಾಯಬೇಕಾದ ಕೊಳವೆಗಳಿಗೆ ರಸ್ತೆಯ ಮೈಯನ್ನು ಸೀಳದೆ, ಆಚೆಬದಿಯಿಂದ ಈಚೆಬದಿಗೆ ತಳದಲ್ಲೇ ಕೊರೆದು ಹಾಯಿಸುವ ಯಂತ್ರಗಳೂ ಈಗ ನಮ್ಮ ಜಿಲ್ಲೆಗಳಲ್ಲಿ ಕಾಣುತ್ತಿವೆ.

ಅಗೆಯಲೇಬೇಕಾದಲ್ಲಿ, ವಾಹನ ವೇಗವಾಗಿ ಬರುವ ಹೆದ್ದಾರಿಯಲ್ಲಂತೂ, ಗುಂಡಿಯ ಸುರಕ್ಷತೆ ಗುಂಡಿಯ ಬಳಿ ಆರಂಭವಾಗುವುದಿಲ್ಲ. ಬಹು ದೂರದಿಂದಲೇ ಫಲಕ ಕಾಣಬೇಕು. ಶಂಕುಗಳ ಸಾಲು ಚಾಲಕನನ್ನು ಮೆಲ್ಲನೆ ಪಕ್ಕದ ದಾರಿಗೆ ಸರಿಸಬೇಕು. ಕೆಲಸದ ಜಾಗ ದಾಟಿದ ಮೇಲೆ ಮತ್ತೆ ತನ್ನ ದಾರಿಗೆ ಬಿಡಬೇಕು. ಎರಡು ಕಲ್ಲು, ಒಂದು ಒಣಕೊಂಬೆ, ಅದರ ತುದಿಗೊಂದು ಕೆಂಪು ಚಿಂದಿ: ಹಗಲಿನಲ್ಲಿ ಇದು ಎಚ್ಚರಿಕೆಯೆನಿಸೀತು, ಕತ್ತಲೆಯಲ್ಲಿ ಅದೂ ಒಂದು ಅಡಚಣೆ.

ಮೇಸ್ತ್ರಿಯ ತಂಡ ನಮ್ಮ ಬೀದಿಯಲ್ಲಿ ಎರಡು ದಿನ ಇದ್ದು ಹೊರಟುಹೋಯಿತು. ಆಮೇಲೆ ಮೃಗಶಿರಾ, ಆರಿದ್ರೆ, ಪುನರ್ವಸು ಮೂರು ಮಳೆಗಳೂ ಸುರಿದವು. ಮೊನ್ನೆ ನಾನು ಮರದ ಪಟ್ಟಿಯೊಂದನ್ನು ಹೊಸ ಡಾಂಬರಿನ ಮೇಲೆ ಅಡ್ಡಲಾಗಿ ಇಟ್ಟು ನೋಡಿದೆ. ಅಡಿಯಲ್ಲಿ ಒಂದು ರೂಪಾಯಿಯ ನಾಣ್ಯವೂ ತೂರಲಿಲ್ಲ. ಪಕ್ಕದ ಅಡ್ಡರಸ್ತೆಯಲ್ಲಿ, ಮೊದಲಿನವರು ಮುಚ್ಚಿದ ಭಾಗ ಹಾಗೆಯೇ ಉಳಿದಿದೆ. ಅಲ್ಲಿ ನಾಲ್ಕು ಬೆರಳು ಇಳಿದಿದೆ, ನೀರು ನಿಂತಿದೆ.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಮುಂದೆ ಬೀದಿಯನ್ನು ಅಗೆದ ದಿನ ಬೇಸರಪಟ್ಟುಕೊಂಡರೂ ಚಿಂತೆಯಿಲ್ಲ, ಮುಚ್ಚುವ ದಿನ ಮಾತ್ರ ಒಳಗೆ ಕುಳಿತಿರಬೇಡಿ. ಹೊರಗೆ ಬಂದು ಎಷ್ಟು ಪದರ ಹಾಕಿದರೆಂದು ಎಣಿಸಿರಿ. ತೆರೆದ ಗುಂಡಿಯ ಒಂದೆರಡು ಚಿತ್ರಗಳನ್ನು ತಾರೀಖಿನೊಡನೆ ತೆಗೆದಿಟ್ಟುಕೊಳ್ಳಿರಿ. ಕೆಲಸದವರು ಮಣ್ಣಿಗೆ ಚಿಮುಕಿಸಲು ನೀರಿಲ್ಲವೆಂದರೆ ನಿಮ್ಮ ನಲ್ಲಿಯಿಂದ ಎರಡು ಬಕೆಟ್ ಕೊಡಿರಿ, ಅವರಿಗೆ ಕುಡಿಯುವುದಕ್ಕೆ ಒಂದು ತಂಬಿಗೆ ಬೇರೆ.